ಪಥ್ಯಕ್ಕೂ ಪ್ರಮಾಣ ಬೇಕು

‘ಪಥ್ಯ’ ಎಂಬ ಶಬ್ದವು ‘ಪಥ’ದಿಂದ ಹುಟ್ಟಿದ್ದು. ದಾರಿಗೆ ಹಿತವಾದದ್ದು, ದಾರಿ ತಪ್ಪಿಸದಿರುವಂಥದು ಎಂಬುದು ಅದರ ಮೂಲಾರ್ಥ. ಶರೀರದ ನಡೆಗೆ ಹಿತವಾದ ಆಹಾರವೇ ಪಥ್ಯ. ಅದಕ್ಕೆ ಅಡ್ಡ ಬರುವುದು ಅಪಥ್ಯ. ವೈದ್ಯರು ಮದ್ದು ಕೊಟ್ಟು ಮುಗಿಸುವುದರೊಳಗೆ ‘ಪಥ್ಯವೇನು?’ ಎಂದು ಕೇಳುವ ವಾಡಿಕೆ ಕನ್ನಡ ನಾಡಿನ ಹಳ್ಳಿ ಪಟ್ಟಣಗಳೆರಡರಲ್ಲಿಯೂ ಇಂದಿಗೂ ಉಳಿದಿದೆ. ಬದನೆಕಾಯಿ ತಿನ್ನಬಹುದೇ, ಹುಳಿ ಬಿಡಬೇಕೇ, ಮಜ್ಜಿಗೆ ನಡೆಯುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳದೆ ಚಿಕಿತ್ಸೆ ಪೂರ್ಣವಾಯಿತೆಂಬ ಸಮಾಧಾನ ರೋಗಿಗೂ ಇಲ್ಲ, ಮನೆಯವರಿಗೂ ಇಲ್ಲ. ಆದರೆ ಮೈಯ ರೋಗಕ್ಕೆ ಕೇಳುವಷ್ಟು ಸಹಜವಾಗಿ ಮನಸ್ಸಿನ ರೋಗಕ್ಕೆ ಈ ಪ್ರಶ್ನೆಯನ್ನು ಕೇಳಿದವರು ವಿರಳ. ಈಗ ಆ ಪ್ರಶ್ನೆಯು ಸ್ಕಾಟ್ಲೆಂಡಿನ ಎಡಿನ್‌ಬರೋ, ಅಮೆರಿಕದ ಸ್ಟ್ಯಾನ್‌ಫರ್ಡ್, ಕೆನಡಾದ ಡಾಲ್‌ಹೌಸಿ ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಯ ರೂಪವನ್ನು ತಾಳಿದೆ. ಉನ್ಮಾದ ಮತ್ತು ಖಿನ್ನತೆಗಳೆಂಬ ಎರಡು ತುದಿಗಳ ನಡುವೆ ಮನುಷ್ಯನನ್ನು ತೂಗಾಡಿಸುವ ಬೈಪೋಲಾರ್ ಕಾಯಿಲೆಗೂ ಶರೀರದ ಚಯಾಪಚಯಕ್ಕೂ ಉಣ್ಣುವ ಅನ್ನಕ್ಕೂ ಇರುವ ನಂಟೇನು ಎಂಬುದು ಅಲ್ಲಿಯ ಜಿಜ್ಞಾಸೆ.

ಇಂಥ ಸಂಶೋಧನೆಗಳಲ್ಲಿ ರೋಗಿಗಳು ಸೇರಬೇಕೇ, ಸೇರುವುದಾದರೆ ಯಾವ ಎಚ್ಚರದಿಂದ ಸೇರಬೇಕು ಎಂಬುದು ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ವಿಚಾರಿಸತಕ್ಕ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಈ ಕಾಯಿಲೆ ಸಾಮಾನ್ಯವಾಗಿ ತಲೆದೋರುವುದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ. ಎಂದರೆ ವಿದ್ಯಾರ್ಥಿ ಇನ್ನೂ ಶಾಲೆ ಕಾಲೇಜುಗಳ ಅಂಗಳದಲ್ಲಿರುವಾಗ. ಮೊದಲು ಕಾಣುವವರು ತಂದೆತಾಯಿಗಳು, ಅವರ ಬೆನ್ನಿಗೇ ಅಧ್ಯಾಪಕರು. ನಿನ್ನೆಯವರೆಗೆ ಶಾಂತನಾಗಿದ್ದ ಹುಡುಗ ಮೂರು ರಾತ್ರಿ ನಿದ್ದೆಯಿಲ್ಲದೆಯೂ ದಣಿಯದೆ ಹತ್ತು ಯೋಜನೆಗಳನ್ನು ಹೂಡುತ್ತಾನೆ, ಕೈಗೆ ಸಿಕ್ಕ ಹಣವನ್ನು ಚೆಲ್ಲುತ್ತಾನೆ, ಮಾತಿಗೆ ತಡೆಯೇ ಇರುವುದಿಲ್ಲ. ಕೆಲವು ತಿಂಗಳ ತರುವಾಯ ಅವನೇ ಹಾಸಿಗೆ ಬಿಟ್ಟೇಳಲಾರ, ಪುಸ್ತಕ ತೆರೆಯಲಾರ, ಬದುಕೇ ಬೇಡವೆನ್ನುತ್ತಾನೆ. ಮೊದಲನೆಯದನ್ನು ಸೊಕ್ಕೆಂದೂ ಎರಡನೆಯದನ್ನು ಸೋಮಾರಿತನವೆಂದೂ ಕರೆದು ದಂಡಿಸುವ ಪದ್ಧತಿಯಿಂದ ಎಷ್ಟು ಬಾಳುಗಳು ಹಾಳಾಗಿವೆಯೋ ಲೆಕ್ಕವಿಟ್ಟವರಿಲ್ಲ.

ಕಾಯಿಲೆಯೇನೂ ಹೊಸದಲ್ಲ. ಫ್ರಾನ್ಸಿನ ವೈದ್ಯ ಫಾಲ್ರೇ 1854ರಲ್ಲಿಯೇ ಇದನ್ನು ಚಕ್ರದಂತೆ ಸುತ್ತುವ ಉನ್ಮಾದವೆಂದು ವಿವರಿಸಿದನು. ಜರ್ಮನಿಯ ಎಮಿಲ್ ಕ್ರೆಪೆಲಿನ್ 1899ರಲ್ಲಿ ಉನ್ಮಾದ-ಖಿನ್ನತೆಗಳನ್ನು ಒಂದೇ ರೋಗದ ಎರಡು ಮುಖಗಳೆಂದು ನಿರೂಪಿಸಿದನು. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಪ್ರಕಟಿಸಿದ ರೋಗವರ್ಗೀಕರಣದಲ್ಲಿ ‘ಬೈಪೋಲಾರ್’ ಎಂಬ ಹೆಸರು ಸ್ಥಿರವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಸುಮಾರು 4 ಕೋಟಿ ಜನ ಈ ಕಾಯಿಲೆಯೊಡನೆ ಬಾಳುತ್ತಿದ್ದರು. ಭಾರತದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 0.5 ಮಂದಿ ಜೀವನದ ಯಾವುದಾದರೊಂದು ಕಾಲದಲ್ಲಿ ಇದಕ್ಕೆ ಒಳಗಾದವರು. ಇನ್ನೂರು ಜನರಲ್ಲಿ ಒಬ್ಬರು! ಅವರಲ್ಲಿ ನೂರಕ್ಕೆ 70ರಷ್ಟು ಮಂದಿಗೆ ತಕ್ಕ ಚಿಕಿತ್ಸೆ ದೊರೆತಿರಲಿಲ್ಲವೆಂಬುದು ಅದೇ ಸಮೀಕ್ಷೆಯ ಇನ್ನೂ ಕಹಿಯಾದ ಮಾತು.

ಚಿಕಿತ್ಸೆಯಿಲ್ಲವೇ? ಇದೆ. ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯನು 1949ರಲ್ಲಿ ಲಿಥಿಯಂ ಎಂಬ ಲವಣವನ್ನು ಉನ್ಮಾದದ ಹತ್ತು ಮಂದಿ ರೋಗಿಗಳಿಗೆ ಕೊಟ್ಟು ಅದರ ಗುಣವನ್ನು ಲೋಕಕ್ಕೆ ತಿಳಿಸಿದನು. ಡೆನ್ಮಾರ್ಕಿನ ಮೊಗೆನ್ಸ್ ಶೌ 1954ರಲ್ಲಿ ಅದನ್ನು ಕ್ರಮಬದ್ಧವಾದ ಪ್ರಯೋಗಕ್ಕೆ ಒಡ್ಡಿದನು. ಅಮೆರಿಕದ ಸರ್ಕಾರ ಅದಕ್ಕೆ ಅನುಮತಿ ಕೊಟ್ಟುದು 1970ರಲ್ಲಿ. ಇಂದಿಗೂ ಲಿಥಿಯಂ ಈ ಕಾಯಿಲೆಯ ಪ್ರಧಾನ ಔಷಧಗಳಲ್ಲಿ ಒಂದು. ಅದರ ಜೊತೆಗೆ ವ್ಯಾಲ್‌ಪ್ರೊಯೇಟ್, ಲ್ಯಾಮೊಟ್ರಿಜಿನ್, ಓಲಾಂಜಪೀನ್, ಕ್ವೆಟಿಯಾಪೀನ್ ಮೊದಲಾದವು ಸೇರಿವೆ. ಈ ಮದ್ದುಗಳು ಸಾವಿರಾರು ಮನೆಗಳ ದೀಪಗಳನ್ನು ಆರದಂತೆ ಉಳಿಸಿವೆ. ಈ ಲೇಖನದಲ್ಲಿ ಮುಂದೆ ಬರುವ ಯಾವ ಮಾತೂ ಅವುಗಳನ್ನು ಹಳಿಯಲು ಹೇಳಿದ್ದಲ್ಲ.

ಆದರೂ ಒಂದು ಸಂಕಟ ಉಳಿದಿದೆ. ಈ ಔಷಧಗಳಲ್ಲಿ ಹಲವು ಮನಸ್ಸನ್ನು ಹಿಡಿದು ನಿಲ್ಲಿಸುವಾಗಲೇ ಮೈಯನ್ನು ಬೆಳೆಸುತ್ತವೆ. ತೂಕ ಏರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ. ಔಷಧದ ಪರಿಣಾಮವನ್ನು ಬದಿಗಿಟ್ಟು ನೋಡಿದರೂ ಈ ಕಾಯಿಲೆಯವರಲ್ಲಿ ಮಧುಮೇಹ, ಬೊಜ್ಜು, ಹೃದ್ರೋಗಗಳು ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತವೆ. ಬೈಪೋಲಾರ್ ಕಾಯಿಲೆಯುಳ್ಳವರು ಸರಾಸರಿಯಲ್ಲಿ ಇತರರಿಗಿಂತ ಹತ್ತು ವರ್ಷಕ್ಕೂ ಮುಂಚೆ ತೀರಿಹೋಗುತ್ತಾರೆ. ಅದಕ್ಕೆ ಆತ್ಮಹತ್ಯೆಯೊಂದೇ ಕಾರಣವೆಂದು ತಿಳಿಯುವುದು ತಪ್ಪು. ಹೃದಯ ಮತ್ತು ರಕ್ತನಾಳಗಳ ರೋಗವು ಅದರ ದೊಡ್ಡ ಕಾರಣ. ಇಪ್ಪತ್ತೆರಡರ ತರುಣಿಯೊಬ್ಬಳು ಮದ್ದು ಸೇವಿಸಿ ಮನಸ್ಸು ತಿಳಿಯಾಗಿ ಪರೀಕ್ಷೆಯಲ್ಲಿ ತೇರ್ಗಡೆಯಾದಳೆಂದು ಭಾವಿಸೋಣ. ಅದೇ ವರ್ಷ ಹದಿನೈದು ಕಿಲೋ ತೂಕ ಏರಿ, ಕನ್ನಡಿಯನ್ನೂ ನೆಂಟರಿಷ್ಟರ ಮಾತನ್ನೂ ಎದುರಿಸಲಾರದೆ ಗುಟ್ಟಾಗಿ ಗುಳಿಗೆ ನಿಲ್ಲಿಸಿದರೆ ಆಕೆಯನ್ನು ಅವಿವೇಕಿ ಎನ್ನಲಾದೀತೇ? ಕಾಯಿಲೆ ಮಾತ್ರ ಇದಾವುದನ್ನೂ ಕೇಳದೆ ಮರಳಿ ಬರುತ್ತದೆ. ಮನಸ್ಸು ಬೇಕೋ ಮೈ ಬೇಕೋ ಎಂಬ ಈ ಕ್ರೂರವಾದ ಆಯ್ಕೆಯಿಂದ ರೋಗಿಯನ್ನು ಬಿಡಿಸುವ ದಾರಿಯುಂಟೇ ಎಂಬುದೇ ಚಯಾಪಚಯದ ಸಂಶೋಧನೆಯ ಮೂಲಪ್ರೇರಣೆ.

ಮಿದುಳಿನ ತೂಕ ಮೈತೂಕದ ನೂರಕ್ಕೆ 2ರಷ್ಟು ಮಾತ್ರ. ಆದರೆ ದೇಹವು ವಿಶ್ರಾಂತಿಯಲ್ಲಿ ವ್ಯಯಿಸುವ ಶಕ್ತಿಯಲ್ಲಿ ಅದು ನೂರಕ್ಕೆ 20ರಷ್ಟನ್ನು ಬಳಸುತ್ತದೆ. ಈ ಶಕ್ತಿ ಸಾಮಾನ್ಯವಾಗಿ ಸಕ್ಕರೆಯ ಅಂಶವಾದ ಗ್ಲೂಕೋಸಿನಿಂದ ಬರುತ್ತದೆ. ಜೀವಕೋಶಗಳೊಳಗಿನ ಮೈಟೋಕಾಂಡ್ರಿಯಗಳೆಂಬ ಸೂಕ್ಷ್ಮಾಂಗಗಳು ಅದನ್ನು ಬಳಕೆಗೆ ತಕ್ಕ ಶಕ್ತಿಯನ್ನಾಗಿ ಮಾರ್ಪಡಿಸುತ್ತವೆ. ಬೈಪೋಲಾರ್ ಕಾಯಿಲೆಯಲ್ಲಿ ಈ ಶಕ್ತಿಯ ಉತ್ಪಾದನೆಯಲ್ಲೇ ಏರುಪೇರಿದೆಯೇ ಎಂಬ ಅನುಮಾನ ವಿಜ್ಞಾನಿಗಳಲ್ಲಿ ಬಹುದಿನಗಳಿಂದ ಇದೆ. ಅನ್ನ, ರೊಟ್ಟಿ, ಬೆಲ್ಲ, ಸಕ್ಕರೆ ಮೊದಲಾದ ಪಿಷ್ಟ ಪದಾರ್ಥಗಳನ್ನು ಬಹುವಾಗಿ ತಗ್ಗಿಸಿ ಕೊಬ್ಬಿನ ಅಂಶವನ್ನು ಹೆಚ್ಚಿಸಿದರೆ ಪಿತ್ತಜನಕಾಂಗವು ಕೊಬ್ಬಿನಿಂದ ಕೀಟೋನುಗಳೆಂಬ ದ್ರವ್ಯಗಳನ್ನು ತಯಾರಿಸುತ್ತದೆ. ಮಿದುಳು ಗ್ಲೂಕೋಸಿಗೆ ಬದಲಾಗಿ ಬಹುಮಟ್ಟಿಗೆ ಅವುಗಳಿಂದಲೇ ಕೆಲಸ ನಡೆಸಬಲ್ಲದು. ಈ ಬಗೆಯ ಆಹಾರಕ್ಕೆ ಕೀಟೋಜೆನಿಕ್ ಪಥ್ಯವೆಂದು ಹೆಸರು.

ಈ ಪಥ್ಯ ಮೊದಲು ಬಂದುದು ಅಪಸ್ಮಾರಕ್ಕೆ, ಎಂದರೆ ಮೂರ್ಛೆರೋಗಕ್ಕೆ. ಅಮೆರಿಕದ ಮೇಯೋ ಚಿಕಿತ್ಸಾಲಯದ ರಸೆಲ್ ವೈಲ್ಡರ್ ಇದನ್ನು ಸೂಚಿಸಿದ್ದು 1921ರಲ್ಲಿ. ಕೆಲವು ಕಾಲ ಅದು ಪ್ರಚಾರದಲ್ಲಿತ್ತು. 1938ರಲ್ಲಿ ಫೆನಿಟಾಯಿನ್ ಎಂಬ ಗುಳಿಗೆ ಬಂದ ಮೇಲೆ ಹಿಂದೆ ಸರಿಯಿತು. ಔಷಧಕ್ಕೆ ಮಣಿಯದ ಮಕ್ಕಳ ಮೂರ್ಛೆಗೆ ಈ ಪಥ್ಯ ಉಪಯುಕ್ತವೆಂದು ಲಂಡನ್ನಿನಲ್ಲಿ ತುಲನಾತ್ಮಕ ಪ್ರಯೋಗದ ಮೂಲಕ ಸಿದ್ಧಪಟ್ಟುದು 2008ರಲ್ಲಿ. 145 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿದ ಆ ಪ್ರಯೋಗದಲ್ಲಿ, ಪಥ್ಯ ಹಿಡಿದ ಗುಂಪಿನ ನೂರಕ್ಕೆ 38 ಮಕ್ಕಳಲ್ಲಿ ಮೂರ್ಛೆಗಳು ಅರ್ಧಕ್ಕಿಂತ ಹೆಚ್ಚಾಗಿ ಇಳಿದವು. ಪಥ್ಯವಿಲ್ಲದ ಗುಂಪಿನಲ್ಲಿ ನೂರಕ್ಕೆ 6ರಲ್ಲಿ ಮಾತ್ರ. ಸೂಚನೆಗೂ ಪ್ರಮಾಣಕ್ಕೂ ನಡುವೆ ಕಳೆದುಹೋದ ಕಾಲ 87 ವರ್ಷ. ಮೂರು ತಲೆಮಾರಿನ ಮಕ್ಕಳು ಆ ನಡುವೆ ಬಂದು ಹೋದರು. ಬೈಪೋಲಾರ್ ಕಾಯಿಲೆಯ ವಿಷಯದಲ್ಲಿಯೂ ಅಷ್ಟೇ ಕಾಲ ಕಾಯಬೇಕೇ ಎಂಬುದು ಇಂದಿನ ಪ್ರಶ್ನೆ.

ಮೂರ್ಛೆಗೆ ಬಳಸುವ ಹಲವು ಔಷಧಗಳು ಬೈಪೋಲಾರ್ ಕಾಯಿಲೆಯಲ್ಲಿಯೂ ಫಲಕಾರಿಯಾಗಿವೆ. ವ್ಯಾಲ್‌ಪ್ರೊಯೇಟ್ ಅದಕ್ಕೆ ಪ್ರಸಿದ್ಧವಾದ ನಿದರ್ಶನ. ಮೂರ್ಛೆಯ ಗುಳಿಗೆ ಇಲ್ಲಿಯೂ ನಡೆದರೆ ಮೂರ್ಛೆಯ ಪಥ್ಯವೂ ಇಲ್ಲಿ ನಡೆಯಬಹುದಲ್ಲವೇ ಎಂಬ ಊಹೆ ಹಾಗೆ ಹುಟ್ಟಿತು. 2013ರಲ್ಲಿ ಅಮೆರಿಕದ ವೈದ್ಯರು ಇಬ್ಬರು ಮಹಿಳೆಯರ ವೃತ್ತಾಂತವನ್ನು ಪ್ರಕಟಿಸಿದರು: ಎರಡು ಮೂರು ವರ್ಷ ಈ ಪಥ್ಯವನ್ನು ಪಾಲಿಸಿ ಅವರು ಸ್ಥಿಮಿತ ಕಂಡಿದ್ದರು. ಸ್ಟ್ಯಾನ್‌ಫರ್ಡಿನಲ್ಲಿ ಶೆಬಾನಿ ಸೇಥಿ ಅವರ ನೇತೃತ್ವದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಾಥಮಿಕ ಪ್ರಯೋಗದಲ್ಲಿ 21 ಮಂದಿ ಇದ್ದರು. ಅವರಲ್ಲಿ 16 ಮಂದಿ ಬೈಪೋಲಾರ್ ಕಾಯಿಲೆಯವರು, 5 ಮಂದಿ ಸ್ಕಿಜೋಫ್ರೇನಿಯದವರು. ಔಷಧವನ್ನು ಮುಂದುವರಿಸಿಕೊಂಡೇ ನಾಲ್ಕು ತಿಂಗಳು ಪಥ್ಯ ನಡೆಯಿತು. ತೂಕವೂ ಇಳಿಯಿತು, ಮನಸ್ಸಿನ ಲಕ್ಷಣಗಳೂ ತಗ್ಗಿದವು. ಎಡಿನ್‌ಬರೋದ ಪ್ರಯೋಗದಲ್ಲಿ 27 ಮಂದಿ ಹೆಸರು ಕೊಟ್ಟು, 26 ಮಂದಿ ಪಥ್ಯ ಆರಂಭಿಸಿ, 20 ಮಂದಿ ಆರರಿಂದ ಎಂಟು ವಾರ ಪೂರೈಸಿದರು. ಅವರ ತೂಕ ಸರಾಸರಿ 4.2 ಕಿಲೋದಷ್ಟು ಇಳಿಯಿತು. ಆ ಸಂಶೋಧನೆಯಲ್ಲಿ ಮುಖ್ಯಪಾತ್ರ ವಹಿಸಿದ ಇಯಾನ್ ಕ್ಯಾಂಪ್‌ಬೆಲ್ ಸ್ವತಃ ಬೈಪೋಲಾರ್ ಕಾಯಿಲೆಯುಳ್ಳವರೆಂಬುದು ವಿಶೇಷ. ರೋಗಿಯು ಚಿಕಿತ್ಸೆಗೆ ಮೈಯೊಡ್ಡುವವನು ಮಾತ್ರವಲ್ಲ, ಪ್ರಶ್ನೆ ಕೇಳುವವನೂ ಆಗಬಲ್ಲನೆಂಬುದಕ್ಕೆ ಅವರು ಸಾಕ್ಷಿ.

ಪಥ್ಯವೆಂದರೆ ಕೀಟೋಜೆನಿಕ್ ಒಂದೇ ಅಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 82 ಮಂದಿಯ ಮೇಲೆ 12 ವಾರ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವು ಒಮೆಗಾ-3 ಕೊಬ್ಬನ್ನು ಹೆಚ್ಚಿಸಿ ಒಮೆಗಾ-6 ಕೊಬ್ಬನ್ನು ತಗ್ಗಿಸಿದ ಆಹಾರವನ್ನು ಪರೀಕ್ಷಿಸಿತು. ಮನಸ್ಸಿನ ದಿನದಿನದ ಏರಿಳಿತ ಆ ಗುಂಪಿನಲ್ಲಿ ಕಡಿಮೆಯಾಯಿತು. ಕೆನಡಾದ ಸಿಂಥಿಯಾ ಕಾಲ್ಕಿನ್ ಅವರ ತಂಡವು ಇನ್ಸುಲಿನ್ನಿಗೆ ದೇಹವು ಸರಿಯಾಗಿ ಸ್ಪಂದಿಸದಿರುವ, ಇತರ ಔಷಧಗಳಿಗೆ ಖಿನ್ನತೆ ಮಣಿಯದ 45 ಮಂದಿಯಲ್ಲಿ ಕೆಲವರಿಗೆ ಮಧುಮೇಹದ ಹಳೆಯ ಔಷಧವಾದ ಮೆಟ್‌ಫಾರ್ಮಿನ್ನನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿಗುಳಿಗೆಯನ್ನೂ ಕೊಟ್ಟು 26 ವಾರ ಪರೀಕ್ಷಿಸಿ, 2022ರಲ್ಲಿ ಫಲಿತವನ್ನು ಪ್ರಕಟಿಸಿತು. ಇನ್ಸುಲಿನ್ನಿನ ದೋಷ ನೀಗಿದವರು 11 ಮಂದಿ. ಅವರಲ್ಲಿ 10 ಮಂದಿ ಮೆಟ್‌ಫಾರ್ಮಿನ್ ಸೇವಿಸಿದವರು. ದೋಷ ನೀಗಿದ ಆ ಗುಂಪಿನಲ್ಲಿ ಬಹುಕಾಲದ ಖಿನ್ನತೆಯೂ ಇಳಿಯಿತು. ಮಧುಮೇಹದ ಮದ್ದು ಮನಸ್ಸಿನ ಮಬ್ಬನ್ನು ಸರಿಸಬಹುದೆಂದರೆ ಮೈಯನ್ನೂ ಮನಸ್ಸನ್ನೂ ಬೇರೆ ಬೇರೆ ಕೋಣೆಗಳಲ್ಲಿಟ್ಟು ಬೀಗ ಹಾಕಿದ ಪದ್ಧತಿಯನ್ನು ಪುನರ್ವಿಮರ್ಶಿಸಬೇಕಾಗುತ್ತದೆ.

ಇಷ್ಟನ್ನು ಕೇಳಿದ ಕೂಡಲೆ ‘ಹಾಗಾದರೆ ನಾಳೆಯಿಂದಲೇ ಅನ್ನ ಬಿಡೋಣ’ ಎನ್ನುವವರುಂಟು. ಇಲ್ಲಿಯೇ ನಿಲ್ಲಬೇಕು. ‘ಪ್ರಮಾಣ’ ಎಂಬ ಶಬ್ದಕ್ಕೆ ಅಳತೆಯೆಂದೂ ಅರ್ಥ, ಯಥಾರ್ಥಜ್ಞಾನದ ಸಾಧನವೆಂದೂ ಅರ್ಥ. ತರ್ಕಶಾಸ್ತ್ರವನ್ನು ಓದಿದವರಿಗೆ ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯಗಳ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರು ಮಹಿಳೆಯರು ಗುಣಹೊಂದಿದ್ದು ಪ್ರತ್ಯಕ್ಷವೇ ಸರಿ. ಆದರೆ ಪಥ್ಯದಿಂದಲೇ ಗುಣಹೊಂದಿದರೆಂಬುದು ಅನುಮಾನ. ಹೇತುವು ಶುದ್ಧವಾಗಿಲ್ಲದಿದ್ದರೆ ಅನುಮಾನ ಹೇತ್ವಾಭಾಸವಾಗುತ್ತದೆ. ಬೈಪೋಲಾರ್ ಕಾಯಿಲೆಯ ಸ್ವಭಾವವೇ ಏರುವುದು, ಇಳಿಯುವುದು. ರೋಗಿ ಹೊಸ ಚಿಕಿತ್ಸೆಯನ್ನು ಅರಸಿ ಬರುವುದು ಸಾಮಾನ್ಯವಾಗಿ ಕಾಯಿಲೆ ಅತ್ಯಂತ ಉಲ್ಬಣವಾದಾಗ. ಅಲ್ಲಿಂದ ಮುಂದೆ ಅದು ತಾನಾಗಿಯೇ ಇಳಿಯುವ ಸಂಭವವೂ ಇದೆ. ಆ ಸಮಯದಲ್ಲಿ ಏನನ್ನು ಕೊಟ್ಟರೂ ಅದಕ್ಕೇ ಕೀರ್ತಿ ಬರುತ್ತದೆ. ಸ್ಟ್ಯಾನ್‌ಫರ್ಡಿನಲ್ಲಾಗಲಿ ಎಡಿನ್‌ಬರೋದಲ್ಲಾಗಲಿ ಪಥ್ಯವಿಲ್ಲದ ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಲಿಲ್ಲ. ಅವು ‘ಈ ಪಥ್ಯವನ್ನು ಈ ರೋಗಿಗಳು ಸುರಕ್ಷಿತವಾಗಿ ಪಾಲಿಸಬಲ್ಲರೇ’ ಎಂಬ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟವು. ‘ಇದರಿಂದ ರೋಗ ವಾಸಿಯಾಗುವುದೇ’ ಎಂಬ ಎರಡನೆಯ ಪ್ರಶ್ನೆಗೆ ಅಲ್ಲ. ಆ ಎರಡನೆಯ ಉತ್ತರಕ್ಕೆ ದೊಡ್ಡ ತುಲನಾತ್ಮಕ ಪ್ರಯೋಗಗಳು ಬೇಕು. ಅವುಗಳಿಗೆ ಬೇಕಾದದ್ದು ನೂರಾರು ಮಂದಿ ರೋಗಿಗಳ ಸಹಕಾರ.

ಪ್ರಾಚೀನರು ಇದನ್ನೆಲ್ಲ ಆಗಲೇ ಹೇಳಿದ್ದಾರೆ, ಹೊಸ ಪ್ರಯೋಗವೇಕೆ ಎಂಬ ವಾದವೂ ಕೇಳಿಬರುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉನ್ಮಾದದ ಕಾರಣಗಳನ್ನು ಎಣಿಸುವಾಗ ಪರಸ್ಪರ ವಿರುದ್ಧವಾದ, ಕೆಟ್ಟ, ಅಶುಚಿಯಾದ ಆಹಾರವನ್ನು ಸೇರಿಸಿರುವುದು ನಿಜ. ಆಹಾರಕ್ಕೂ ಚಿತ್ತಕ್ಕೂ ನಂಟಿದೆಯೆಂದು ಊಹಿಸಿದ ಆ ದೃಷ್ಟಿಗೆ ಗೌರವ ಸಲ್ಲಬೇಕು. ಆದರೆ ಅಲ್ಲಿ ಹೇಳಿದ ಉನ್ಮಾದವೂ ಇಂದಿನ ವೈದ್ಯರು ಹೇಳುವ ಬೈಪೋಲಾರ್ ಕಾಯಿಲೆಯೂ ಒಂದೇ ಎನ್ನಲು ಆಧಾರವಿಲ್ಲ. ಅಲ್ಲಿಯ ಪಥ್ಯವೂ ಇಂದಿನ ಕೀಟೋಜೆನಿಕ್ ಪಥ್ಯವೂ ಬೇರೆ ಬೇರೆ. ಶಾಸ್ತ್ರವನ್ನು ಗೌರವಿಸುವವನು ಅದಕ್ಕೆ ಅದು ಹೇಳದ ಮಾತನ್ನು ಆರೋಪಿಸಬಾರದು.

ತಾನೇ ಪ್ರಯೋಗ ಮಾಡಿಕೊಳ್ಳುವವನಿಗೆ ಎದುರಾಗುವ ಅಪಾಯವೇನು ಕಡಿಮೆಯೇ? ಲಿಥಿಯಂ ಒಂದು ಲವಣ. ಅಡುಗೆಯ ಉಪ್ಪಿನಲ್ಲಿರುವ ಸೋಡಿಯಮ್ಮಿಗೂ ಅದಕ್ಕೂ ಮೂತ್ರಪಿಂಡದಲ್ಲಿ ಸ್ಪರ್ಧೆಯಿದೆ. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದರೆ ಮೂತ್ರಪಿಂಡವು ಲಿಥಿಯಮ್ಮನ್ನು ಹೊರಹಾಕದೆ ಹಿಡಿದಿಡುತ್ತದೆ. ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಮದ್ದಿಗೂ ವಿಷಕ್ಕೂ ನಡುವಿನ ಅಂತರ ಈ ಔಷಧದಲ್ಲಿ ಬಹಳ ಕಿರಿದು. ಕೀಟೋಜೆನಿಕ್ ಪಥ್ಯದ ಮೊದಲ ವಾರಗಳಲ್ಲಿ ದೇಹವು ನೀರನ್ನೂ ಸೋಡಿಯಮ್ಮನ್ನೂ ಹೆಚ್ಚಾಗಿ ಕಳೆದುಕೊಳ್ಳುತ್ತದೆ. ಲಿಥಿಯಂ ಸೇವಿಸುತ್ತಿರುವವನು ರಕ್ತಪರೀಕ್ಷೆಯಿಲ್ಲದೆ ಈ ಪಥ್ಯಕ್ಕೆ ಇಳಿದರೆ ಕೈ ನಡುಕ, ವಾಂತಿ, ತೊದಲು, ಮಂಪರುಗಳಿಂದ ಆರಂಭವಾಗಿ ಪ್ರಾಣಾಪಾಯದವರೆಗೆ ಹೋಗಬಹುದು. ಚರಿತ್ರೆಯಲ್ಲಿ ಇದಕ್ಕೆ ಸಾಕ್ಷಿಯುಂಟು. 1949ರಲ್ಲಿಯೇ ಅಮೆರಿಕದಲ್ಲಿ ಉಪ್ಪು ಬಿಡಬೇಕಾದ ಹೃದ್ರೋಗಿಗಳು ಉಪ್ಪಿಗೆ ಬದಲಾಗಿ ಲಿಥಿಯಂ ಕ್ಲೋರೈಡನ್ನು ಬಳಸಿ, ಕೆಲವರು ಮೃತಪಟ್ಟರು. ಜಾನ್ ಕೇಡ್ ಲಿಥಿಯಂ ಕೊಟ್ಟ ಮೊದಲ ರೋಗಿಯೂ ಗುಣ ಕಂಡು ಮನೆಗೆ ಹೋಗಿ, ಮರಳಿ ಬಂದು, 1950ರಲ್ಲಿ ಅದೇ ಲಿಥಿಯಮ್ಮಿನ ವಿಷದಿಂದ ತೀರಿಕೊಂಡನು. ರಕ್ತದಲ್ಲಿ ಅದರ ಮಟ್ಟವನ್ನು ಅಳೆಯುವ ಕ್ರಮ ಅಂದು ರೂಢಿಗೆ ಬಂದಿರಲಿಲ್ಲ. ಮದ್ದೂ ಅದೇ, ರೋಗಿಯೂ ಅವನೇ, ಅಳತೆಯೊಂದು ಇರಲಿಲ್ಲ. ಮಧುಮೇಹದ ಔಷಧ ಸೇವಿಸುವವರಿಗೆ, ವ್ಯಾಲ್‌ಪ್ರೊಯೇಟ್ ಸೇವಿಸುವವರಿಗೆ, ಗರ್ಭಿಣಿಯರಿಗೆ ಬೇರೆ ಬೇರೆ ಅಪಾಯಗಳಿವೆ. ಆದುದರಿಂದ ವೈದ್ಯರ ಕಣ್ಣಳತೆಯಲ್ಲಿ ನಡೆಯುವ ಸಂಶೋಧನೆಗೆ ಸೇರುವುದಕ್ಕೂ ಯಾರದೋ ಮಾತು ಕೇಳಿ ಅಡುಗೆಮನೆಯಲ್ಲಿ ತಾನೇ ಸಂಶೋಧಕನಾಗುವುದಕ್ಕೂ ಅಜಗಜಾಂತರ.

ಇನ್ನೊಂದು ಬಗೆಯ ಹಿಂಸೆಯಿಂದಲೂ ರೋಗಿಯನ್ನು ಕಾಪಾಡಬೇಕಾಗಿದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಸತ್ಯದ ಒಂದು ಅಂಶವನ್ನು ಹೇಳುತ್ತದೆ. ಅದನ್ನು ತಿರುಗಿಸಿ, ರೋಗ ಬಂದವನು ಊಟ ಅರಿಯದವನು ಎಂದರೆ ಗಾದೆ ಕೊರಡೆಯಾಗುತ್ತದೆ. ಈಗಾಗಲೇ ‘ಮನಸ್ಸು ಗಟ್ಟಿಮಾಡಿಕೊಳ್ಳಲಿಲ್ಲ’ ಎಂಬ ನಿಂದೆಯನ್ನು ಹೊತ್ತವರ ತಲೆಯ ಮೇಲೆ ‘ಬಾಯಿ ಕಟ್ಟಲಿಲ್ಲ’ ಎಂಬ ಎರಡನೆಯ ಹೊರೆಯನ್ನು ಹೇರುವುದು ಅನ್ಯಾಯ. ಎಡಿನ್‌ಬರೋದ 26 ಮಂದಿಯಲ್ಲಿ 6 ಮಂದಿ ಕಡೆಯವರೆಗೆ ನಡೆಯಲಾರದೆ ನಿಂತರು. ತಜ್ಞರ ನೆರವು ಇದ್ದೂ ನಿಂತರು. ಅವರೇನೂ ಅಪರಾಧಿಗಳಲ್ಲ. ಈ ಪಥ್ಯ ಎಷ್ಟು ಕಠಿಣವೆಂಬುದು ಸಂಶೋಧನೆಗೆ ಗೊತ್ತಾದುದು ಅವರಿಂದಲೇ.

ಸಂಶೋಧನೆಯೆಂದರೆ ಬಡವರನ್ನು ಪ್ರಯೋಗಪಶುಗಳನ್ನಾಗಿ ಮಾಡುವುದೆಂಬ ಭಯ ಜನರಲ್ಲಿ ಇದೆ. ಈ ಭಯಕ್ಕೆ ಆಧಾರವಿಲ್ಲವೆನ್ನಲಾಗದು. ನಾಜಿ ಶಿಬಿರಗಳಲ್ಲಿ ನಡೆದ ಘೋರಗಳ ವಿಚಾರಣೆಯ ತರುವಾಯ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂದಿತು. 1964ರಲ್ಲಿ ಜಗತ್ತಿನ ವೈದ್ಯರ ಸಂಘವು ಹೆಲ್ಸಿಂಕಿಯ ಘೋಷಣೆಯನ್ನು ಅಂಗೀಕರಿಸಿತು. ಮನುಷ್ಯನ ಸ್ವಂತ ಒಪ್ಪಿಗೆಯಿಲ್ಲದೆ ಅವನ ಮೇಲೆ ಪ್ರಯೋಗ ಸಲ್ಲದೆಂಬುದು ಅವುಗಳ ತಿರುಳು. ಭಾರತದಲ್ಲಿ ಪ್ರಯೋಗಗಳನ್ನು ದಾಖಲಿಸುವ ರಾಷ್ಟ್ರೀಯ ನೋಂದಣಿಪುಸ್ತಕ 2007ರಲ್ಲಿ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಪರಿಷ್ಕೃತ ನೈತಿಕ ಮಾರ್ಗಸೂತ್ರಗಳನ್ನು ಪ್ರಕಟಿಸಿತು. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯಿದೆಯು ಮನೋರೋಗಿಯ ಮೇಲೆ ನಡೆಯುವ ಸಂಶೋಧನೆಗೆ ಅವನ ಸ್ವತಂತ್ರವೂ ತಿಳಿವಿನಿಂದ ಕೂಡಿದುದೂ ಆದ ಒಪ್ಪಿಗೆಯನ್ನು ಕಡ್ಡಾಯ ಮಾಡಿತು; ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದವನ ವಿಷಯದಲ್ಲಿ ರಾಜ್ಯ ಪ್ರಾಧಿಕಾರದ ಅನುಮತಿಯೂ ಬೇಕೆಂದು ವಿಧಿಸಿತು. ಬೇಲಿ ಇದೆ. ಅದನ್ನು ಕಾಯುವವರು ಎಚ್ಚರವಾಗಿರಬೇಕು, ಅಷ್ಟೆ.

ಈ ಕಾಯಿಲೆಯಲ್ಲಿ ಒಪ್ಪಿಗೆ ಎಂಬ ಮಾತೇ ಸೂಕ್ಷ್ಮ. ಉನ್ಮಾದದ ಉಬ್ಬರದಲ್ಲಿರುವವನು ಯಾವ ಕಾಗದಕ್ಕಾದರೂ ಸಹಿ ಹಾಕಿಯಾನು. ಖಿನ್ನತೆಯ ಆಳದಲ್ಲಿರುವವನು ‘ಏನಾದರೂ ಮಾಡಿ’ ಎಂದು ಕೈಚೆಲ್ಲಿಯಾನು. ಎರಡೂ ಒಪ್ಪಿಗೆಗಳಲ್ಲ. ಮನಸ್ಸು ಸಮಸ್ಥಿತಿಯಲ್ಲಿರುವಾಗ, ಸಾವಕಾಶವಾಗಿ, ತಿಳಿಯುವ ಭಾಷೆಯಲ್ಲಿ ಓದಿ ಹೇಳಿಸಿಕೊಂಡು, ಮನೆಯವರೊಡನೆ ವಿಚಾರಿಸಿ ಕೊಟ್ಟದ್ದೇ ಒಪ್ಪಿಗೆ. ಒಪ್ಪಿಗೆಯ ಪತ್ರ ಇಂಗ್ಲಿಷಿನಲ್ಲಿದ್ದು ರೋಗಿ ಕನ್ನಡ ಮಾತ್ರ ಬಲ್ಲವನಾದರೆ ಅದಕ್ಕೆ ಬೆಲೆಯಿಲ್ಲ. ಅಚ್ಚಗನ್ನಡದಲ್ಲಿ, ಸಾಮಾನ್ಯನಿಗೆ ಅರ್ಥವಾಗುವಂತೆ ಆ ಪತ್ರಗಳನ್ನು ಬರೆಯುವುದು ಭಾಷೆಯನ್ನು ಬಲ್ಲವರು ವೈದ್ಯಕ್ಕೆ ಸಲ್ಲಿಸಬಹುದಾದ ಸೇವೆ. ಚಯಾಪಚಯ, ಯಾದೃಚ್ಛಿಕ ವಿಂಗಡಣೆ ಎಂಬ ಮಾತುಗಳನ್ನು ಹಾಗೆಯೇ ಇಟ್ಟರೆ ಇಂಗ್ಲಿಷನ್ನು ತೆಗೆದು ಸಂಸ್ಕೃತವನ್ನು ಇಟ್ಟಂತಾಯಿತೇ ಹೊರತು ರೈತನಿಗೆ ಏನೂ ತಿಳಿದಂತಾಗಲಿಲ್ಲ. ‘ಉಂಡದ್ದು ಮೈಗೂಡುವ ಬಗೆ’, ‘ಚೀಟಿ ಎತ್ತಿ ಹಂಚುವುದು’ ಎಂದರೆ ತಿಳಿಯುತ್ತದೆ.

ಸೇರಲು ಮನಸ್ಸು ಮಾಡಿದವರು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಈ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿಯಿದೆಯೇ, ನೋಂದಣಿಯ ಸಂಖ್ಯೆಯೇನು? ಈಗಿನ ಔಷಧ ಮುಂದುವರಿಯುತ್ತದೆಯೇ? ಮನೋವೈದ್ಯರಲ್ಲದೆ ಆಹಾರತಜ್ಞರೂ ಇದ್ದಾರೆಯೇ? ರಕ್ತಪರೀಕ್ಷೆ ಎಷ್ಟು ದಿನಕ್ಕೊಮ್ಮೆ? ನಡುರಾತ್ರಿ ಮನಸ್ಸು ಕೆಟ್ಟರೆ ಯಾರಿಗೆ ದೂರವಾಣಿ ಮಾಡಬೇಕು? ನಡುವೆ ಬಿಟ್ಟುಬಂದರೆ ಮಾಮೂಲಿನ ಚಿಕಿತ್ಸೆಗೆ ತೊಂದರೆಯಾಗುವುದಿಲ್ಲವಷ್ಟೆ? ಹಾನಿಯಾದರೆ ಚಿಕಿತ್ಸೆಯ ವೆಚ್ಚವೂ ಪರಿಹಾರವೂ ಯಾರದು? ಪ್ರಯೋಗ ಮುಗಿದ ಮಾರನೆಯ ದಿನ ಏನು ಉಣ್ಣಬೇಕು, ಯಾರನ್ನು ಕಾಣಬೇಕು? ಈ ಪ್ರಶ್ನೆಗಳಿಗೆ ನೇರವಾದ ಉತ್ತರ ಕೊಡುವವರಲ್ಲಿ ಸೇರುವುದು ವಿವೇಕ. ಪ್ರಶ್ನೆ ಕೇಳಿದ್ದಕ್ಕೇ ಮುಖ ಸಿಂಡರಿಸುವವರಿಂದ ದೂರವಿರುವುದು ಅದಕ್ಕಿಂತಲೂ ವಿವೇಕ.

ಇನ್ನು ಈ ನೆಲದ ಮಾತು. ಎಡಿನ್‌ಬರೋದ ಪಥ್ಯವನ್ನು ಎತ್ತಿ ತಂದು ಬಿಜಾಪುರದಲ್ಲಿಯೋ ಮಂಡ್ಯದಲ್ಲಿಯೋ ಬಡಿಸಲು ಬರುವುದಿಲ್ಲ. ಭಾರತೀಯರ ಆಹಾರದಲ್ಲಿ ನೂರಕ್ಕೆ 62ರಷ್ಟು ಶಕ್ತಿ ಪಿಷ್ಟದಿಂದಲೇ ಬರುತ್ತದೆಂದು 2025ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ತೋರಿಸಿದೆ. ಅದೇ ಅಧ್ಯಯನಮಾಲೆಯ 2023ರ ವರದಿಯಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಜೋಳದ ರೊಟ್ಟಿ, ರಾಗಿಮುದ್ದೆ, ಅನ್ನಗಳೇ ಊಟವಾಗಿರುವ ನಾಡಿನಲ್ಲಿ ಅವುಗಳನ್ನು ಪೂರ್ತಿ ಬಿಡೆಂದರೆ ಊಟವನ್ನೇ ಬಿಡೆಂದಂತೆ. ಶಾಕಾಹಾರಿಗಳ ಮನೆಯಲ್ಲಿ ತುಪ್ಪ, ಕೊಬ್ಬರಿ, ಶೇಂಗಾ, ಎಳ್ಳು, ಗುರೆಳ್ಳು, ಪನೀರು, ಸೊಪ್ಪುಗಳಿಂದ ಅಂಥ ಪಥ್ಯವನ್ನು ಕಟ್ಟಲು ಸಾಧ್ಯವೇ? ಪೂರ್ತಿ ಬಿಡದೆ ತಗ್ಗಿಸಿದರೆ ಎಷ್ಟರ ಮಟ್ಟಿಗೆ ಫಲ? ಕೂಲಿ ಮಾಡುವವನಿಗೆ ಅದರ ಖರ್ಚು ನಿಲುಕೀತೇ? ಎಲ್ಲರೂ ಒಂದೇ ಪಾತ್ರೆಯಿಂದ ಉಣ್ಣುವ ಮನೆಯಲ್ಲಿ ಒಬ್ಬರಿಗೆ ಬೇರೆ ಅಡುಗೆ ಮಾಡುವ ಶ್ರಮ ಯಾರ ಮೇಲೆ ಬೀಳುತ್ತದೆ? ಈ ಪ್ರಶ್ನೆಗಳಿಗೆ ಸ್ಕಾಟ್ಲೆಂಡಿನವರು ಉತ್ತರ ಹುಡುಕಿ ಕೊಡಲಾರರು. ಈ ನೆಲದ ರೋಗಿಗಳು ಈ ನೆಲದ ಸಂಶೋಧನೆಗೆ ಸೇರಿದರೆ ಮಾತ್ರ ಉತ್ತರ ದೊರೆತೀತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ 1974ರಲ್ಲಿ ಈಗಿನ ರೂಪ ಪಡೆದ ನಿಮ್ಹಾನ್ಸ್ ಬೆಂಗಳೂರಿನಲ್ಲಿಯೇ ಇರುವಾಗ ಇಂಥ ಕೆಲಸಕ್ಕೆ ನೆಲೆಯಿಲ್ಲವೆನ್ನುವಂತಿಲ್ಲ.

ಧನದ ಮಾತನ್ನೂ ಆಡಲೇಬೇಕು. ಹೊಸ ಗುಳಿಗೆಗೆ ಪೇಟೆಂಟ್ ಉಂಟು. ಅದನ್ನು ಪರೀಕ್ಷಿಸಲು ಕಂಪನಿಗಳು ಕೋಟಿಗಟ್ಟಲೆ ಸುರಿಯುತ್ತವೆ. ತುಪ್ಪ ಸೊಪ್ಪುಗಳಿಗೆ ಪೇಟೆಂಟ್ ಇಲ್ಲ. ಹಳೆಯ ಮೆಟ್‌ಫಾರ್ಮಿನ್ನಿನಿಂದ ಹೊಸ ಲಾಭವಿಲ್ಲ. ಆದುದರಿಂದ ಪಥ್ಯದ ಸಂಶೋಧನೆಗೆ ಹಣ ಬರುವುದು ಸರ್ಕಾರದಿಂದ ಅಥವಾ ದಾನಿಗಳಿಂದ. ಎಡಿನ್‌ಬರೋದ ಪ್ರಯೋಗಕ್ಕೆ ನೆರವಾದುದು ಬಾಸ್ಜುಕಿ ಎಂಬ ಅಮೆರಿಕದ ಕುಟುಂಬದ ದಾನಸಂಸ್ಥೆ. ಆ ಕುಟುಂಬದ ಮಗನೊಬ್ಬನ ಕಾಯಿಲೆಯೇ ಅದಕ್ಕೆ ಪ್ರೇರಣೆ. ಕಟ್ಟಡಕ್ಕೆ ಕೊಟ್ಟ ದಾನ ಕಲ್ಲಿನ ಮೇಲೆ ಹೆಸರಾಗಿ ನಿಲ್ಲುತ್ತದೆ; ಇಂಥ ದಾನಕ್ಕೆ ಹೆಸರು ಕೆತ್ತಿಸುವ ಕಲ್ಲಿಲ್ಲ. ಆದರೂ ಒಬ್ಬ ರೋಗಿಯ ರಕ್ತಪರೀಕ್ಷೆಯ, ಊರಿಂದ ಬೆಂಗಳೂರಿಗೆ ಬಂದುಹೋಗುವ ಬಸ್ಸಿನ, ಎಂಟು ವಾರದ ಪಥ್ಯದ ಖರ್ಚನ್ನು ಹೊರುವವನು ಬರಲಿರುವ ಮಕ್ಕಳಿಗೆ ಉಪಕಾರ ಮಾಡಿದಂತೆಯೇ ಸರಿ.

ಅಧ್ಯಾಪಕರಿಂದ ಅಪೇಕ್ಷಿಸುವುದು ಹೆಚ್ಚಿಲ್ಲ. ತರಗತಿಯಲ್ಲಿ ಒಬ್ಬನ ನಡೆ ಹಠಾತ್ತಾಗಿ ಬದಲಾದರೆ ಬೆತ್ತವನ್ನೂ ಬುದ್ಧಿವಾದವನ್ನೂ ಬದಿಗಿಟ್ಟು ಮನೆಯವರಿಗೆ ತಿಳಿಸಿ ವೈದ್ಯರಲ್ಲಿಗೆ ಕಳುಹಿಸಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸೇವೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ದೊರೆಯುತ್ತದೆಂಬುದು ಪ್ರತಿಯೊಂದು ಅಧ್ಯಾಪಕರ ಕೊಠಡಿಯ ಗೋಡೆಯ ಮೇಲೂ ಇರತಕ್ಕದ್ದು. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು, ಆಹಾರಶಾಸ್ತ್ರ ಕಲಿತವರು, ವಿದೇಶದ ವಿಶ್ವವಿದ್ಯಾಲಯಗಳಲ್ಲಿ ದುಡಿಯುವವರು ಹಲವರಿರುತ್ತಾರೆ. ಈ ವಿಷಯದ ತಿಳಿವಳಿಕೆಯನ್ನು ಊರಿಗೆ ತಲುಪಿಸುವ ಹೊಣೆ ಅವರದು. ಮದ್ದನ್ನು ಬಿಡದೆ, ಪ್ರಶ್ನೆ ಕೇಳಿ, ಒಪ್ಪಿ, ಸಂಶೋಧನೆಗೆ ಸೇರಿದ ರೋಗಿಗೆ ತನ್ನ ಕಾಯಿಲೆ ವಾಸಿಯಾಗುವ ಭರವಸೆಯನ್ನು ಯಾರೂ ಕೊಡಲಾರರು. ಪಥ್ಯ ಫಲಿಸಲಿಲ್ಲವೆಂದು ತಿಳಿದುಬಂದರೂ ಅದು ತಿಳಿವೇ. ಮುಂದೆ ಅದೇ ಕಾಯಿಲೆಯಿಂದ ಬಳಲುವ ಮತ್ತೊಬ್ಬ ವಿದ್ಯಾರ್ಥಿಯು ಫಲವಿಲ್ಲದ ಪಥ್ಯಕ್ಕೆ ತನ್ನ ಎಂಟು ವಾರಗಳನ್ನು ತೆರಬೇಕಾಗುವುದಿಲ್ಲ.